ಯಾರ ಮುಖ ನೋಡಿ ದಾಟಲಿ?

ಅಮ್ಮ ಹಾಸನದಿಂದ ಬಂದು ಹತ್ತು ದಿನವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಸನ್‌ಸೆಟ್ ಬಡಾವಣೆಯಲ್ಲಿ ನಮ್ಮ ಮನೆ. ಸಂಜೆಯಾದರೆ ಸಮುದ್ರದ ಕಡೆಯಿಂದ ಮಂಜು ನುಗ್ಗಿಬಿಡುತ್ತದೆ. ಅಷ್ಟರೊಳಗೆ ಇರ್ವಿಂಗ್ ಸ್ಟ್ರೀಟಿಗೆ ಹೋಗಿ ತರಕಾರಿ ತಂದುಬಿಡೋಣ ಎಂದು ಇಬ್ಬರೂ ಹೊರಟಿದ್ದೆವು. ಸಿಗ್ನಲ್ ಇಲ್ಲದ ಒಂದು ಮೂಲೆಯಲ್ಲಿ ರಸ್ತೆ ದಾಟಬೇಕಿತ್ತು. ಎಡಗಡೆಯಿಂದ ಬಂದ ಬಿಳಿ ಕಾರೊಂದು ಜೀಬ್ರಾ ಪಟ್ಟೆಗಿಂತ ಒಂದಾಳುದ್ದ ಹಿಂದೆಯೇ ನಿಂತಿತು. ಅದರ ತಲೆಯ ಮೇಲೆ ಕಪ್ಪು ಗುಮ್ಮಟ, ಮುಂದಿನ ಎರಡೂ ಮೂಲೆಗಳಲ್ಲಿ ಬುಗುರಿಯ ಹಾಗೆ ಗಿರಗಿರ ತಿರುಗುವ ಏನೋ ಒಂದು. ಡ್ರೈವರ್ ಸೀಟಿನಲ್ಲಿ ಯಾರೂ ಇರಲಿಲ್ಲ.

"ಬಾ ಅಮ್ಮ, ನಿಂತಿದೆ" ಅಂದೆ.

ಅಮ್ಮ ಕದಲಲಿಲ್ಲ. ಬಲಗೈ ಅರ್ಧ ಎತ್ತಿದಳು, ಮತ್ತೆ ಇಳಿಸಿದಳು. ಗಾಜಿನೊಳಗೆ ಬಗ್ಗಿ ನೋಡಿದಳು.

"ನಿಂತೈತೆ ಸರಿ. ಒಳಗೆ ಯಾರೂ ಇಲ್ವಲ್ಲೋ. ಯಾರ ಮುಖ ನೋಡ್ಕಂಡು ದಾಟ್ಲಿ?"

ಅರ್ಧ ನಿಮಿಷವಾದರೂ ಆಗಿರಬೇಕು. ಕಾರು ಹಾರ್ನ್ ಹೊಡೆಯಲಿಲ್ಲ, ಮುಂದಕ್ಕೆ ತೆವಳಲಿಲ್ಲ, ಸುಮ್ಮನೆ ನಿಂತೇ ಇತ್ತು. ಕೊನೆಗೆ ಅಮ್ಮನ ಮೊಣಕೈ ಹಿಡಿದು ನಾನೇ ದಾಟಿಸಿದೆ. ಆಚೆ ಬದಿ ಸೇರಿದ ಮೇಲೆ ಅಮ್ಮ ಆ ಮಾತು ಮರೆತಳು. ನನಗೆ ಮರೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೇನೆ, ಡ್ರೈವರ್ ಇಲ್ಲದೆ ತಾವೇ ಓಡುವ ಈ ಕಾರುಗಳನ್ನು ದಿನಾ ನೋಡುತ್ತೇನೆ, ಹತ್ತಿ ಓಡಾಡಿದ್ದೇನೆ. ಎದುರಿಗೆ ಬರುವ ಮನುಷ್ಯನ ಮನಸ್ಸನ್ನು ಇವು ಹೇಗೆ ಓದುತ್ತವೆ ಎಂದು ಬಹಳ ಸಲ ಯೋಚಿಸಿದ್ದೂ ಉಂಟು. ಎದುರಿಗಿರುವ ಮನುಷ್ಯ ಇವುಗಳ ಮನಸ್ಸನ್ನು ಹೇಗೆ ಓದಬೇಕು ಎಂದು ಅಮ್ಮ ಕೇಳುವವರೆಗೂ ನನಗೆ ಹೊಳೆದಿರಲಿಲ್ಲ.

ಅಮ್ಮ ನಲವತ್ತು ವರ್ಷದಿಂದ ಹಾಸನದ ಬಿ.ಎಂ. ರಸ್ತೆ ದಾಟುತ್ತಿದ್ದಾಳೆ. ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ನಾನೂ ದಾಟಿದ್ದೇನೆ. ಈಗ ಕಣ್ಣು ಮುಚ್ಚಿದರೆ ಅದು ಹೆಜ್ಜೆ ಹೆಜ್ಜೆಯಾಗಿ ಕಾಣುತ್ತದೆ. ಬಸ್ಸು, ಲಾರಿಗಳನ್ನು ಮೊದಲು ಹೋಗಲು ಬಿಡುತ್ತಾಳೆ, ಅವುಗಳ ಜೊತೆ ಮಾತುಕತೆ ಇಲ್ಲ. ಗಾಜು ಏರಿಸಿಕೊಂಡ ಕಾರುಗಳನ್ನೂ ನಂಬುವುದಿಲ್ಲ. ಆಟೊ ಅಥವಾ ಸ್ಕೂಟರ್ ಬರುವವರೆಗೆ ಕಾಯುತ್ತಾಳೆ. ದೂರದಲ್ಲೇ ಅವನ ಕಣ್ಣು ಹಿಡಿಯುತ್ತಾಳೆ. ಬಲಗೈಯನ್ನು ಸೊಂಟದ ಮಟ್ಟದಲ್ಲಿ ಚಾಚಿ, ಅಂಗೈ ಕೆಳಗೆ ಮಾಡಿ, ಮಲಗಿದ ಕೂಸನ್ನು ತಟ್ಟುವ ಹಾಗೆ ಎರಡು ಸಲ ಆಡಿಸುತ್ತಾಳೆ. ಅವನು ಗದ್ದ ಒಂಚೂರು ಎತ್ತುತ್ತಾನೆ. ಇಲ್ಲವೇ ಹ್ಯಾಂಡಲ್ಲನ್ನು ಬೆರಳಿನಷ್ಟು ತಿರುಗಿಸಿ, ನಿನ್ನ ಬೆನ್ನ ಹಿಂದಿನಿಂದ ಹೋಗುತ್ತೇನೆ ಎಂದು ತೋರಿಸುತ್ತಾನೆ. ಅಮ್ಮ ಎರಡು ಹೆಜ್ಜೆ ಮುಂದೆ. ಅಲ್ಲಿಂದ ಮುಂದಿನವನ ಕಣ್ಣು. ಹೀಗೆ ನಾಲ್ಕೈದು ಜನರ ಜೊತೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡು ಆ ಬದಿ ಮುಟ್ಟುತ್ತಾಳೆ. ಒಬ್ಬರ ಬಾಯಿಂದಲೂ ಒಂದು ಮಾತು ಹೊರಡುವುದಿಲ್ಲ.

ನಮ್ಮ ರಸ್ತೆಯ ಭಾಷೆ ಎಷ್ಟು ದೊಡ್ಡದು ಎಂದು ಊರು ಬಿಟ್ಟ ಮೇಲೆಯೇ ನನಗೆ ತಿಳಿದದ್ದು. ಕಂಡಕ್ಟರ್ ಬಸ್ಸಿನ ಮೈಗೆ ಎರಡು ಸಲ ಬಡಿದು 'ರೈಟ್ ರೈಟ್' ಅಂದರೆ ಹೊರಡು ಎಂದರ್ಥ, 'ಹೋಲ್ಡಾನ್' ಅಂದರೆ ನಿಲ್ಲು. ಆಟೊದವನ ಎಡಗಾಲು ಹೊರಗೆ ಬಂದರೆ ಎಡಕ್ಕೆ ಹೊರಳುತ್ತಾನೆ. ಬೈಕಿನ ಹಿಂದೆ ಕೂತವನು ಕೈ ಚಾಚಿದರೆ ಅದೇ ಇಂಡಿಕೇಟರ್. ಶಿರಾಡಿ ಘಾಟಿಯಲ್ಲಿ ಲಾರಿಯ ಕ್ಲೀನರ್ ಕೈ ಬೀಸಿದರೆ ಮುಂದೆ ರಸ್ತೆ ಖಾಲಿ ಇದೆ, ದಾಟಿಕೋ ಎಂದು. ಇದೆಲ್ಲ ಬರೀ ರೂಢಿ ಅಂದುಕೊಳ್ಳಬೇಡಿ. ನಮ್ಮ 1989ರ ರಸ್ತೆ ನಿಯಮಾವಳಿಯಲ್ಲಿ ಚಾಲಕರ ಕೈಸನ್ನೆಗೆಂದೇ ನಿಯಮಗಳಿದ್ದವು. ಹಿಂದಿನವನು ಮುಂದೆ ಹೋಗಲಿ ಅನ್ನುವುದಾದರೆ ಬಲಗೈ ಹೊರಚಾಚಿ ಅರ್ಧವೃತ್ತದಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಬೇಕು ಎಂದು ಅದರಲ್ಲಿ ಬರೆದಿತ್ತು.

ಈ ಭಾಷೆಗೆ ಅದರದೇ ತೊಡಕೂ ಇದೆ. ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿದರೆ ಬಲಕ್ಕೆ ತಿರುಗುತ್ತದೋ, ಓವರ್‌ಟೇಕ್ ಮಾಡು ಅನ್ನುತ್ತಿದೆಯೋ ಎಂದು ಅದರ ವೇಗ, ರಸ್ತೆಯ ತಿರುವು, ಕ್ಲೀನರ್ ಕೂತಿರುವ ರೀತಿ ನೋಡಿ ತೀರ್ಮಾನಿಸಬೇಕು. ತಪ್ಪು ತೀರ್ಮಾನಕ್ಕೆ ಪ್ರಾಣವೇ ಬೆಲೆ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡ್ ಇರುವ ಒಂದು ಕೂಡುರಸ್ತೆಯಲ್ಲಿ ನಿಂತಿದ್ದೆ. ಇಲ್ಲಿಯ ಲೆಕ್ಕ ಹೀಗೆ: ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೊರಡಬೇಕು. ಎದುರಿನವನು ಹೆಡ್‌ಲೈಟ್ ಮಿಟುಕಿಸಿದ. ನಮ್ಮಲ್ಲಿ ಲೈಟ್ ಹೊಡೆದರೆ 'ನಾನು ಬರ್ತಾ ಇದ್ದೀನಿ, ನಿಲ್ಲು' ಎಂದಲ್ಲವೇ? ನಿಂತೆ. ಅವನೂ ನಿಂತ. ಇನ್ನೊಮ್ಮೆ ಮಿಟುಕಿಸಿದ. ನಾನು ಬ್ರೇಕನ್ನು ಇನ್ನೂ ಒತ್ತಿ ಹಿಡಿದೆ. ಕೊನೆಗೆ ಅವನು ಕೈ ಎತ್ತಿ ಬಾ ಬಾ ಎಂದು ಕರೆದಾಗ ಗೊತ್ತಾಯಿತು, ಇಲ್ಲಿ ಆ ಬೆಳಕಿಗೆ 'ನೀನು ಹೋಗು' ಎಂಬ ಅರ್ಥ. ಸನ್ನೆ ಒಂದೇ, ಅರ್ಥ ತಿರುಗುಮುರುಗು. ಒಂದೂರಿನಲ್ಲಿ ಕಲಿತ ಯಂತ್ರವನ್ನು ಇನ್ನೊಂದೂರಿನ ರಸ್ತೆಗೆ ಇಳಿಸಿದರೆ ಏನಾಗಬಹುದು ಎಂದು ಯೋಚಿಸುವಾಗಲೆಲ್ಲ ನನಗೆ ಆ ಕೂಡುರಸ್ತೆ ನೆನಪಾಗುತ್ತದೆ.

ಯಂತ್ರ ಓದುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮ್ಮ ಕಂಡದ್ದು ವೇಮೊ ಕಂಪನಿಯ ಕಾರು. ಗೂಗಲ್ ಶುರು ಮಾಡಿದ ಯೋಜನೆಯೇ ಆಮೇಲೆ ಈ ಕಂಪನಿಯಾಯಿತು. ಅಂಥ ಕಾರಿನಲ್ಲಿ 29 ಕ್ಯಾಮೆರಾಗಳಿವೆ. ಅವುಗಳ ಜೊತೆಗೆ ರಾಡಾರ್, ಮತ್ತೆ ಬೆಳಕಿನ ಕಿರಣ ಬಿಟ್ಟು ಅದು ಮರಳಿ ಬರುವ ಹೊತ್ತಿನಿಂದ ದೂರ ಅಳೆಯುವ ಲಿಡಾರ್. ಅಮ್ಮ ಕಂಡ ಬುಗುರಿ ಈ ಲಿಡಾರೇ. ಸುತ್ತ ಇರುವುದೆಲ್ಲವನ್ನೂ ಕಾರು ಮೊದಲು ಬಗೆ ಬಗೆಯಾಗಿ ವಿಂಗಡಿಸುತ್ತದೆ: ಇದು ಕಾರು, ಇದು ಸೈಕಲ್, ಇದು ಮನುಷ್ಯ. ಆಮೇಲೆ ಪ್ರತಿಯೊಂದೂ ಮುಂದೆ ಎಲ್ಲಿಗೆ ಹೋಗಬಹುದು ಎಂದು ಊಹಿಸುತ್ತದೆ. ಸಂಶೋಧಕರು ಬಳಸಿಕೊಳ್ಳಲಿ ಎಂದು ವೇಮೊ 2021ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ರಸ್ತೆ ದೃಶ್ಯಗಳನ್ನು ಬಿಡುಗಡೆ ಮಾಡಿ ಒಂದು ಸವಾಲು ಹಾಕಿತ್ತು: ಹಿಂದಿನ 1 ಸೆಕೆಂಡ್ ನೋಡಿ ಮುಂದಿನ 8 ಸೆಕೆಂಡ್ ಹೇಳಿ. ಉತ್ತರ ಒಂದೇ ಇರಬೇಕಿಲ್ಲ. ಈ ಹೆಂಗಸು ದಾಟಬಹುದು, ನಿಲ್ಲಬಹುದು, ಹಿಂದಕ್ಕೆ ತಿರುಗಬಹುದು ಎಂದು ಹಲವು ದಾರಿಗಳನ್ನು ಬರೆದು, ಯಾವುದು ಎಷ್ಟು ಸಂಭವ ಎಂದು ಗುರುತು ಹಾಕಬೇಕು. ಕ್ಷಣಕ್ಷಣಕ್ಕೂ ಈ ಲೆಕ್ಕ ಹೊಸದಾಗುತ್ತದೆ.

ದೇಹ ಎಲ್ಲಿದೆ ಅನ್ನುವುದಷ್ಟೇ ಸಾಲದು, ದೇಹದ ಭಾವವೂ ಬೇಕು ಎಂದು ಹೊರಟವರೂ ಇದ್ದಾರೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ಡ್ರೈವಿಂಗ್ ದೃಶ್ಯಗಳಿಂದ 346 ಪುಟ್ಟ ತುಣುಕುಗಳನ್ನು ಆರಿಸಿ, ಒಬ್ಬೊಬ್ಬ ಪಾದಚಾರಿಯೂ ಏನು ಮಾಡಿದ ಎಂದು ಗುರುತು ಹಾಕಿ 2017ರಲ್ಲಿ ಹೊರತಂದರು. ಕಾರಿನ ಕಡೆ ನೋಡಿದನೇ, ನಡಿಗೆ ನಿಧಾನ ಮಾಡಿದನೇ, ತಲೆ ಆಡಿಸಿದನೇ, ಕೈ ಬೀಸಿದನೇ ಎಲ್ಲ ಅದರಲ್ಲಿದೆ. ನನಗೆ ಇದು ಬಹಳ ಮುಖ್ಯ ಕೆಲಸ ಅನ್ನಿಸುತ್ತದೆ. ಅಮ್ಮನ ಅರ್ಧ ಎತ್ತಿದ ಕೈಗೂ ಒಂದು ಹೆಸರಿದೆ, ಒಂದು ಅರ್ಥವಿದೆ ಎಂದು ಒಪ್ಪಿಕೊಂಡ ಕೆಲಸ ಅದು. ಆದರೆ ಆ ತುಣುಕುಗಳು ಉತ್ತರ ಅಮೆರಿಕ ಮತ್ತು ಯುರೋಪಿನವು. ಕೂಸನ್ನು ತಟ್ಟುವ ಹಾಗೆ ಆಡುವ ಕೈ ಅದರಲ್ಲಿ ಇರಲಾರದು.

ಯಂತ್ರ ಈ ವಿದ್ಯೆ ಕಲಿತ ಕತೆಯಲ್ಲಿ ಮೂರು ಪ್ರಸಂಗಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಗೂಗಲ್ ಕಾರಿನ 2009ರ ಒಂದು ಪರೀಕ್ಷೆಯಲ್ಲಿ, ನಾಲ್ಕು ಸ್ಟಾಪ್ ಬೋರ್ಡುಗಳ ಕೂಡುರಸ್ತೆಯನ್ನು ದಾಟಲು ಕಾರಿಗೆ ಆಗಲೇ ಇಲ್ಲ. ಉಳಿದವರು ಪೂರ್ತಿ ನಿಲ್ಲಲಿ ಎಂದು ಅದು ಕಾಯುತ್ತಿತ್ತು, ಮನುಷ್ಯರು ಪೂರ್ತಿ ನಿಲ್ಲದೆ ಇಂಚಿಂಚಾಗಿ ಮುಂದೆ ಸರಿಯುತ್ತಿದ್ದರು. ಆಮೇಲೆ ಕಾರಿಗೂ ಒಂದಿಷ್ಟು ಮುಂದೆ ಸರಿದು 'ಈಗ ನನ್ನ ಸರದಿ' ಎಂದು ತೋರಿಸುವುದನ್ನು ಕಲಿಸಿದರು. ಇನ್ನೊಂದು 2015ರದು, ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ. ಸೈಕಲ್ ಸವಾರನೊಬ್ಬ ಕಾಲು ನೆಲಕ್ಕೆ ಊರದೆ ಸೈಕಲ್ಲನ್ನು ಹಿಂದೆ ಮುಂದೆ ಆಡಿಸುತ್ತ ಸಮತೋಲನದಲ್ಲಿ ನಿಂತಿದ್ದ. ಅವನು ಅಂಗುಲ ಮುಂದೆ ಬಂದಾಗಲೆಲ್ಲ ಕಾರು ಗಕ್ಕನೆ ನಿಲ್ಲುತ್ತಿತ್ತು. ಅವನು ನಿಂತೇ ಇದ್ದಾನೆ ಎಂದು ಮನುಷ್ಯರ ಕಣ್ಣಿಗೆ ಸ್ಪಷ್ಟ. ಯಂತ್ರಕ್ಕೆ ಅದು ಹೊರಡುವ ಸೂಚನೆ.

ಮೂರನೆಯದು 2016ರ ಫೆಬ್ರುವರಿ 14ರಂದು, ಮೌಂಟನ್ ವ್ಯೂನಲ್ಲಿ. ರಸ್ತೆಯ ಬಲ ಅಂಚಿನಲ್ಲಿ ಮರಳಿನ ಚೀಲಗಳು ಅಡ್ಡ ಇದ್ದವು. ಗೂಗಲ್ ಕಾರು ಅವುಗಳನ್ನು ತಪ್ಪಿಸಿ ಲೇನಿನ ನಡುವಿಗೆ ಬರಬೇಕಿತ್ತು. ಹಿಂದಿನಿಂದ ಬಸ್ಸು ಬರುತ್ತಿತ್ತು. ಬಸ್ಸು ನಿಧಾನ ಮಾಡಿ ಜಾಗ ಕೊಡುತ್ತದೆ ಎಂದು ಕಾರು ಊಹಿಸಿತು, ಒಳಗೆ ಕೂತಿದ್ದ ಮನುಷ್ಯನೂ ಹಾಗೇ ಅಂದುಕೊಂಡ. ಬಸ್ಸು ಜಾಗ ಕೊಡಲಿಲ್ಲ. ಕಾರು ಬಸ್ಸಿನ ಪಕ್ಕಕ್ಕೆ ತಗುಲಿತು. ವೇಗ ಬಹಳ ಕಡಿಮೆ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಬಸ್ಸಿನಂಥ ದೊಡ್ಡ ಗಾಡಿಗಳು ದಾರಿ ಬಿಡುವ ಸಂಭವ ಕಡಿಮೆ ಎಂದು ಆಮೇಲೆ ಕಾರಿಗೆ ಕಲಿಸಿದರು. ನಮ್ಮೂರಿನಲ್ಲಿ ಸೈಕಲ್ ಕಲಿಯುವ ಹುಡುಗನಿಗೆ ಮನೆಯವರು ಹೇಳುವ ಮೊದಲ ಬುದ್ಧಿಮಾತು ಅದು. ಎಲ್ಲೋ ಬರೆದಿಟ್ಟ ನಿಯಮವಲ್ಲ, ಬದುಕಿ ಉಳಿದವರ ತಿಳಿವಳಿಕೆ.

ಇವೆಲ್ಲ ಕಲಿತು ದಾಟಬಹುದಾದ ತೊಡಕುಗಳು. ದಾಟಲಾಗದ್ದು 2018ರ ಮಾರ್ಚ್ 18ರ ರಾತ್ರಿಯದು. ಅರಿಜೋನಾದ ಟೆಂಪಿಯಲ್ಲಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಊಬರ್‌ನ ಪರೀಕ್ಷಾ ಕಾರು ಡಿಕ್ಕಿ ಹೊಡೆದು ಆಕೆ ತೀರಿಕೊಂಡರು. ಕಾರಿಗೆ ಆಕೆ ಕಾಣಲಿಲ್ಲ ಎಂದಲ್ಲ. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಕಂಡಿದ್ದರು ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಆದರೆ ಯಂತ್ರ ಆಕೆಯನ್ನು ಒಮ್ಮೆ ಗಾಡಿ ಅಂದಿತು, ಒಮ್ಮೆ ಇನ್ನೇನೋ ವಸ್ತು ಅಂದಿತು, ಒಮ್ಮೆ ಸೈಕಲ್ ಅಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಅಷ್ಟು ಹೊತ್ತು ನಡೆದು ಬಂದ ದಾರಿಯನ್ನು ಮರೆತು ಹೊಸದಾಗಿ ಲೆಕ್ಕ ಶುರು ಮಾಡಿತು. ನಡೆದು ಬಂದ ದಾರಿ ಮರೆತರೆ ಹೋಗುವ ದಾರಿ ಎಲ್ಲಿ ಗೊತ್ತಾಗಬೇಕು? ಎಲ್ಲಕ್ಕಿಂತ ನನ್ನ ಎದೆಗೆ ನಾಟಿದ್ದು ಇನ್ನೊಂದು ಮಾತು: ಜೀಬ್ರಾ ಕ್ರಾಸಿಂಗ್ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಎಂಬ ಎಣಿಕೆಯೇ ಆ ಪ್ರೋಗ್ರಾಮಿನಲ್ಲಿ ಇರಲಿಲ್ಲ. ಅದರ ಜೊತೆಗೆ ಕಾರಿನ ಕಂಪನಿಯ ಸ್ವಂತ ಬ್ರೇಕ್ ವ್ಯವಸ್ಥೆಯನ್ನು ಆರಿಸಿಟ್ಟಿದ್ದರು, ಗಮನವಿಡಬೇಕಿದ್ದ ಸಿಬ್ಬಂದಿ ಫೋನ್ ನೋಡುತ್ತಿದ್ದರು. ಇಷ್ಟೆಲ್ಲ ಸೇರಿ ಒಂದು ಜೀವ ಹೋಯಿತು.

ಎಣಿಕೆಯಲ್ಲೇ ಇಲ್ಲದ ಆ ಮನುಷ್ಯ ಯಾರು? ಹಾಸನದಲ್ಲಿ, ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಆ ಮನುಷ್ಯ ನಾವೆಲ್ಲರೂ. ಅಮೆರಿಕದಲ್ಲಿ ಕಂಡ ಕಂಡಲ್ಲಿ ರಸ್ತೆ ದಾಟುವವರಿಗೆ 'ಜೇವಾಕರ್' ಎಂಬ ಹೆಸರಿದೆ. 'ಜೇ' ಅಂದರೆ ಆ ಕಾಲದ ಬೈಗುಳದಲ್ಲಿ ಪಟ್ಟಣದ ರೀತಿ ಗೊತ್ತಿಲ್ಲದ ಹಳ್ಳಿಗಮಾರ. ನೂರು ವರ್ಷದ ಹಿಂದೆ ಮೋಟಾರು ವ್ಯಾಪಾರಿಗಳು ಆ ಬೈಗುಳವನ್ನು ಊರೂರಿಗೆ ಹಬ್ಬಿಸಿದರು. 1925ರಲ್ಲಿ ಲಾಸ್ ಏಂಜಲೀಸ್ ನಡೆಯುವವರನ್ನು ಕ್ರಾಸಿಂಗಿಗೆ ಕಟ್ಟಿಹಾಕುವ ನಿಯಮ ತಂದಿತು. ಆ ಬೈಗುಳವೇ ಕಡೆಗೆ ಯಂತ್ರದ ಕುರುಡಾಗಿ ಟೆಂಪಿಯ ರಸ್ತೆಗೆ ಬಂದಿತು ಎಂದು ನಾನು ನಂಬಿದ್ದೇನೆ. ಕ್ಯಾಲಿಫೋರ್ನಿಯಾ ಈಗ ದಾರಿ ಬದಲಿಸಿದೆ. 2023ರ ಜನವರಿ 1ರಿಂದ, ಡಿಕ್ಕಿಯಾಗುವ ಅಪಾಯ ಕಣ್ಣೆದುರಿಗೇ ಇದ್ದ ಹೊರತು ಹಾಗೆ ದಾಟುವವರನ್ನು ಪೊಲೀಸರು ತಡೆದು ದಂಡ ಹಾಕುವಂತಿಲ್ಲ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಪಾದಚಾರಿಗಳು ಡ್ರೈವರ್ ಮುಖವನ್ನು ಅಷ್ಟೇನೂ ನೋಡುವುದಿಲ್ಲ, ಗಾಡಿಯ ವೇಗ ಮತ್ತು ದೂರ ನೋಡಿಯೇ ದಾಟುತ್ತಾರೆ ಎಂದು ವಾದಿಸುವ ಸಂಶೋಧಕರಿದ್ದಾರೆ. ಗಾಡಿ ಓಡುತ್ತಿರುವಾಗ ಅದು ನಿಜವೇ. ದೂರದಲ್ಲೇ ವೇಗ ತಗ್ಗಿಸಿದ ಗಾಡಿ ಅರ್ಧ ಮಾತು ಹೇಳಿಬಿಟ್ಟಿರುತ್ತದೆ. ಆದರೆ ನಿಂತ ಗಾಡಿ? ಅದು ನನಗಾಗಿ ನಿಂತಿದೆಯೋ, ತನ್ನ ಕೆಲಸಕ್ಕೆ ನಿಂತಿದೆಯೋ? ಯಾರನ್ನೋ ಇಳಿಸಲು ನಿಂತು, ಬಾಗಿಲು ಮುಚ್ಚಿದ ಕೂಡಲೇ ಹೊರಡುತ್ತದೋ? ಅದನ್ನು ವೇಗ ಹೇಳಲಾರದು, ವೇಗ ಸೊನ್ನೆ. ಅಲ್ಲಿ ಮುಖವೇ ಬೇಕು. ಅಮ್ಮ ಗಾಜಿನೊಳಗೆ ಬಗ್ಗಿ ನೋಡಿದ್ದು ಅದಕ್ಕೇ.

ಕಾರು ಮಾಡುವವರಿಗೆ ಇದು ಗೊತ್ತಿಲ್ಲವೆಂದಲ್ಲ. 2015ರಲ್ಲಿ ಮರ್ಸಿಡಿಸ್ ಕಂಪನಿ ತೋರಿಸಿದ ಒಂದು ಮಾದರಿ ಕಾರು, ಪಾದಚಾರಿಯ ಮುಂದೆ ರಸ್ತೆಯ ಮೇಲೆಯೇ ಬೆಳಕಿನ ಜೀಬ್ರಾ ಪಟ್ಟೆ ಬರೆಯುತ್ತಿತ್ತು. 2017ರಲ್ಲಿ ಫೋರ್ಡ್ ಮತ್ತು ವರ್ಜೀನಿಯಾ ಟೆಕ್ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದರು. ಡ್ರೈವರ್‌ಗೆ ಸೀಟಿನಂಥದೇ ಅಂಗಿ ತೊಡಿಸಿ, ತಲೆಯೂ ಕಾಣದಂತೆ ಕೂರಿಸಿ, ಖಾಲಿ ಕಾರು ಬರುತ್ತಿದೆ ಎಂಬಂತೆ ವರ್ಜೀನಿಯಾದ ರಸ್ತೆಗಳಲ್ಲಿ ಓಡಿಸಿದರು. ಮುಂದಿನ ಗಾಜಿನ ಮೇಲಂಚಿನಲ್ಲಿ ದೀಪಗಳ ಸಾಲು: ದಾರಿ ಬಿಡುವಾಗ ಒಂದು ರೀತಿ, ಹೊರಡುವಾಗ ಇನ್ನೊಂದು ರೀತಿ. ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕ್ಯಾಮೆರಾದಲ್ಲಿ ಹಿಡಿದರು. ವೇಮೊ ಕಾರಿನ ಗುಮ್ಮಟದಲ್ಲೂ ಈಗ ದಾರಿ ಬಿಟ್ಟಿದ್ದೇನೆ ಎಂದು ತಿಳಿಸುವ ನಡಿಗೆಯ ಚಿತ್ರ ಮೂಡುತ್ತದೆ. ಅದನ್ನು ಆಮೇಲೆ ತೋರಿಸಿದಾಗ ಅಮ್ಮ ಅಂದಳು, "ಅದು ಟ್ಯಾಕ್ಸಿ ಬೋರ್ಡು ಅಂದ್ಕಂಡಿದ್ದೆ".

ಬೋರ್ಡು ಓದಬೇಕಾದರೆ ಅಲ್ಲಿ ಬೋರ್ಡಿದೆ ಎಂದು ಗೊತ್ತಿರಬೇಕು. ಮುಖಕ್ಕೆ ಆ ತೊಂದರೆಯಿಲ್ಲ. ಇನ್ನೊಂದು ಮಿತಿಯೂ ಇದೆ: ಕಾರು ತಾನು ಮಾಡುತ್ತಿರುವುದನ್ನು ಹೇಳಬಹುದೇ ಹೊರತು ಪಕ್ಕದ ಲೇನಿನವನ ಪರವಾಗಿ ಮಾತು ಕೊಡಲಾರದು. ಬೆಂಗಳೂರಿನಲ್ಲಿ ಬಸ್ಸಿನವನು ದೊಡ್ಡ ಮನಸ್ಸು ಮಾಡಿ ನಿಂತು ಕೈ ತೋರಿಸಿದರೂ, ಅದರ ಎಡಪಕ್ಕದಿಂದ ಬೈಕೊಂದು ನುಗ್ಗುತ್ತದೆಯೇ ಎಂದು ಬಗ್ಗಿ ನೋಡಿಯೇ ದಾಟುವವರು ನಾವು.

ಮುಖದ ಪರವಾಗಿ ಇಷ್ಟು ಹೇಳಿದ ಮೇಲೆ ಮುಖದ ವಿರುದ್ಧವೂ ಹೇಳಲೇಬೇಕು. ಮುಖ ನೋಡಿ ಮಣೆ ಹಾಕುವುದು ಎಂಬ ಮಾತಿದೆಯಲ್ಲ, ನಮ್ಮ ರಸ್ತೆಗಳಲ್ಲಿ ನಡೆಯುವುದು ಅದೇ. ಇಸ್ತ್ರಿ ಅಂಗಿ ತೊಟ್ಟ ನಾನು ಕೈ ಎತ್ತಿದರೆ ಗಾಡಿ ನಿಂತೀತು. ತಲೆಯ ಮೇಲೆ ಹೂವಿನ ಬುಟ್ಟಿ ಹೊತ್ತ ಮುದುಕಿ ಅದೇ ಜಾಗದಲ್ಲಿ ಹತ್ತು ನಿಮಿಷ ನಿಂತಿರುವುದನ್ನು ಕಂಡಿದ್ದೇನೆ. ಕಣ್ಣಿನ ಒಪ್ಪಂದಕ್ಕೆ ಕಣ್ಣು ಬೇಕು. ಕಣ್ಣು ಕಾಣದವರು, ಮಂಡಿ ನೋವಿನವರು, ಶಾಲೆಯ ಚೀಲ ಹೊತ್ತ ಮಗು, ಧೈರ್ಯ ಸಾಲದವರು ಈ ಮಾತುಕತೆಯಲ್ಲಿ ಸೋಲುತ್ತಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ನಮ್ಮ ರಸ್ತೆಯ ಭಾಷೆ ಎಷ್ಟು ಚೆಂದ ಎಂದು ಹೊರದೇಶದಲ್ಲಿ ಕೂತು ಹೇಳುವಾಗ ಈ ಸಂಖ್ಯೆಯನ್ನು ಮುಚ್ಚಿಟ್ಟುಕೊಂಡರೆ ನಾನು ಸುಳ್ಳು ಹೇಳಿದಂತೆ.

ಆ ಬಿಳಿ ಕಾರು ಅಮ್ಮನ ಮುಖ ನೋಡಿ ಮಣೆ ಹಾಕಲಿಲ್ಲ. ಅವಳ ಸೀರೆ, ಚರ್ಮದ ಬಣ್ಣ, ವಯಸ್ಸು ಯಾವುದನ್ನೂ ತೂಗದೆ ಅರ್ಧ ನಿಮಿಷ ಕಾಯಿತು. ಅಷ್ಟು ತಾಳ್ಮೆ ತೋರಿದ ಡ್ರೈವರ್ ನನಗೆ ಹಾಸನದಲ್ಲೂ ಸಿಕ್ಕಿಲ್ಲ, ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಸಿಕ್ಕಿಲ್ಲ. ಯಂತ್ರದ ಕಣ್ಣಿಗೆ ಎಲ್ಲರೂ ಒಂದೇ ಎಂದು ಮಾತ್ರ ತಿಳಿಯಬಾರದು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2023ರಲ್ಲಿ ಪಾದಚಾರಿಗಳನ್ನು ಗುರುತಿಸುವ ಎಂಟು ಪ್ರೋಗ್ರಾಮುಗಳನ್ನು ಪರೀಕ್ಷಿಸಿದಾಗ, ದೊಡ್ಡವರಷ್ಟು ಚೆನ್ನಾಗಿ ಅವಕ್ಕೆ ಮಕ್ಕಳು ಕಾಣಿಸಲಿಲ್ಲ. ಕಲಿಸುವ ಚಿತ್ರಗಳಲ್ಲಿ ಯಾರು ಕಡಿಮೆಯೋ ರಸ್ತೆಯಲ್ಲೂ ಅವರು ಮಸುಕಾಗುತ್ತಾರೆ. ನಾವು ಕಣ್ಣಾರೆ ಮಾಡುವ ಭೇದವನ್ನು ಯಂತ್ರ ಕಾಣದೆಯೇ ಮಾಡಬಲ್ಲದು.

ಡ್ರೈವರ್ ಇಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ, ಲಕ್ಷಾಂತರ ಚಾಲಕರ ಕೆಲಸ ಹೋಗುತ್ತದೆ ಎಂದು ಸಚಿವ ನಿತಿನ್ ಗಡ್ಕರಿ 2017ರಲ್ಲೇ ಹೇಳಿದ್ದಾರೆ. ನ್ಯಾಯವಾದ ಚಿಂತೆ. ಆದರೆ ಮನುಷ್ಯರನ್ನು ಓದುವ ಯಂತ್ರ ಆಗಲೇ ನಮ್ಮೂರಿಗೆ ಬಂದಾಗಿದೆ. 2021ರಿಂದೀಚೆಗೆ ಮಧ್ಯಮ ಬೆಲೆಯ ಕಾರುಗಳಲ್ಲೂ ಅಡಾಸ್ ಎಂಬ ವ್ಯವಸ್ಥೆ ಬರುತ್ತಿದೆ. ಮುಂದೆ ಗಾಡಿಯೋ ಮನುಷ್ಯನೋ ಅಡ್ಡ ಬಂದರೆ ಅದೇ ಬ್ರೇಕ್ ಹಾಕುತ್ತದೆ. ಹೋದ ಸಲ ಊರಿಗೆ ಹೋದಾಗ ಭಾವನ ಕಾರಿನಲ್ಲಿ ಬೆಂಗಳೂರಿನಿಂದ ಹಾಸನಕ್ಕೆ ಹೊರಟಿದ್ದೆ. ಕುಣಿಗಲ್ ದಾಟಿ ಯಡಿಯೂರಿನ ಹತ್ತಿರ ಬೈಕೊಂದು ಎಡಗಡೆಯಿಂದ ಸರಕ್ಕನೆ ಮುಂದೆ ಬಂತು. ಬೈಕಿನವನು ಹಿಂತಿರುಗಿ ನೋಡಿದ್ದ, ಭಾವ ಕಾಲು ಸಡಿಲಿಸಿದ್ದ, ಇಬ್ಬರ ನಡುವೆ ಎಲ್ಲ ತೀರ್ಮಾನವಾಗಿತ್ತು. ಕಾರಿಗೆ ಅದು ಗೊತ್ತಿರಲಿಲ್ಲ. ಜೋರಾಗಿ ಬ್ರೇಕ್ ಬಿತ್ತು. ಹಿಂದಿನ ಟೆಂಪೊ ನಮಗೆ ತಗುಲುವುದು ಕೂದಲೆಳೆಯಲ್ಲಿ ತಪ್ಪಿತು. ಅಕ್ಕನ ತೊಡೆಯ ಮೇಲಿದ್ದ ಊಟದ ಡಬ್ಬಿ ಕೆಳಗೆ ಬಿದ್ದು ಚಿತ್ರಾನ್ನವೆಲ್ಲ ಕಾಲ ಬುಡದಲ್ಲಿ ಚೆಲ್ಲಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, "ಇದಕ್ಕೆ ನಮ್ಮ ಜನ ಅರ್ಥ ಆಗಲ್ಲ ಕಣೋ" ಎಂದು ಭಾವ ಅದನ್ನು ಆಫ್ ಮಾಡಿದ.

ನನಗೆ ಆ ಆಫ್ ಮಾಡಿದ್ದೇ ದೊಡ್ಡ ನಷ್ಟವಾಗಿ ಕಂಡಿತು. ಕತ್ತಲಲ್ಲಿ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರ್ ಎದುರಾದ ದಿನ ಅದೇ ಬ್ರೇಕ್ ಮನೆಮಂದಿಯನ್ನು ಉಳಿಸಬಹುದಿತ್ತು. ನಮ್ಮ ಜನರನ್ನು ಓದಲಾರದ ಯಂತ್ರವನ್ನು ನಮ್ಮ ಜನ ನಂಬುವುದಿಲ್ಲ, ನಂಬದ ಯಂತ್ರ ಇದ್ದೂ ಇಲ್ಲದಂತೆ. ಅದಕ್ಕೇ ಹೈದರಾಬಾದಿನ ಐಐಐಟಿಯವರ ಕೆಲಸ ನೋಡಿದಾಗ ನನಗೆ ಸಂತೋಷವಾದದ್ದು. ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳಲ್ಲಿ 182 ಸಲ ಓಡಾಡಿದ ದೃಶ್ಯಗಳಿಂದ ಹತ್ತು ಸಾವಿರ ಚಿತ್ರ ಆರಿಸಿ, ಪ್ರತಿಯೊಂದರಲ್ಲೂ ಯಾವುದು ಏನು ಎಂದು 34 ಬಗೆಯಾಗಿ ಗುರುತಿಸಿದ್ದಾರೆ. ಆಟೊರಿಕ್ಷಾಕ್ಕೆ ಅಲ್ಲಿ ತನ್ನದೇ ಹೆಸರಿದೆ. ಡಾಂಬರು ಮುಗಿದ ಮೇಲಿನ ಮಣ್ಣಿನ ಅಂಚು, ರಸ್ತೆಯಲ್ಲದಿದ್ದರೂ ಗಾಡಿ ಓಡಿಸಬಹುದಾದ ಜಾಗ, ಅದಕ್ಕೂ ಒಂದು ಹೆಸರು ಕೊಟ್ಟಿದ್ದಾರೆ. ಜರ್ಮನಿಯ ನಗರಗಳ ಚಿತ್ರಗಳಿಂದ ಕಲಿತ ಯಂತ್ರಕ್ಕೆ ಅಂಥ ಜಾಗ ಲೋಕದಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಅದು ವಸ್ತುಗಳ ಹೆಸರಿನ ಪಟ್ಟಿ. ಸನ್ನೆಗಳ ಪಟ್ಟಿಯೂ ಅದೇ ಶ್ರದ್ಧೆಯಿಂದ ಆಗಬೇಕು ಎಂಬುದು ನನ್ನ ಆಸೆ: ಆಟೊದವನ ಕಾಲು, ಕ್ಲೀನರನ ಕೈ, ಹೆಡ್‌ಲೈಟಿನ ಮಿಟುಕು, ತಲೆ ಆಡಿಸುವ ನಮ್ಮ ನಾಲ್ಕಾರು ಬಗೆ, ಅಮ್ಮನ ಅಂಗೈ. ಬೆಂಗಳೂರಿನಲ್ಲಿ ಈ ಕೆಲಸ ಮಾಡಬಲ್ಲ ಹುಡುಗ ಹುಡುಗಿಯರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಬಹಳ ಜನ ಈಗ ಬೇರೆ ದೇಶದ ರಸ್ತೆಗಳ ಚಿತ್ರಕ್ಕೆ ಗುರುತು ಹಾಕುತ್ತ ಕೂತಿರಬಹುದು. ಅಷ್ಟೇ ಮುಖ್ಯವಾದ ಇನ್ನೊಂದು: ಓದುವುದರ ಜೊತೆಗೆ ಯಂತ್ರ ಉತ್ತರ ಕೊಡುವುದನ್ನೂ ಕಲಿಯಬೇಕು. ಎಲ್ಲರಿಗೂ ಒಂದೇ ಬೋರ್ಡು ತೋರಿಸಿದರೆ ಸಾಲದು. ಕೈ ಎತ್ತಿದ ಈ ಒಬ್ಬಳಿಗೆ 'ನಿನ್ನ ಕೈ ಕಂಡೆ' ಎಂದು ತಿಳಿಯುವಂತೆ, ಒಂದು ದೀಪ ಮಿಟುಕಲಿ, ಒಂದು ಗೇಣು ಹಿಂದೆ ಸರಿಯಲಿ, ಏನಾದರೂ ಆಗಲಿ. ಆಟೊದವನು ಎತ್ತುವ ಗದ್ದದಷ್ಟು ಸಾಕು.

ಊರಿಗೆ ಮರಳುವ ವಾರ ಅಮ್ಮ ತನಗೆ ತಾನೇ ಒಂದು ದಾರಿ ಕಂಡುಕೊಂಡಿದ್ದಳು. ಅದೇ ಮೂಲೆ, ಅಂಥದೇ ಬಿಳಿ ಕಾರು. ನಾನು ಬೇಕೆಂದೇ ಎರಡು ಹೆಜ್ಜೆ ಹಿಂದೆ ನಿಂತೆ. ಅಮ್ಮ ಖಾಲಿ ಸೀಟಿನ ಕಡೆ ನೋಡಲಿಲ್ಲ. ತನ್ನ ಹತ್ತಿರದ ಮೂಲೆಯಲ್ಲಿ ತಿರುಗುತ್ತಿದ್ದ ಬುಗುರಿಯನ್ನು ನೇರವಾಗಿ ನೋಡಿದಳು. "ಇದೇ ಅಲ್ವೇನೋ ಅದರ ಕಣ್ಣು?" ಅಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗೈ ಕೆಳಗೆ ಮಾಡಿ ಎರಡು ಸಲ ಆಡಿಸಿ, ದಾಟಿದಳು. ಆಚೆಯ ಫುಟ್‌ಪಾತ್ ಹತ್ತಿ, ಊರಿನಲ್ಲಿ ಆಟೊದವನಿಗೆ ಮಾಡುವ ಹಾಗೆ ತಲೆ ಆಡಿಸಲು ಹಿಂತಿರುಗಿದಳು. ಅಷ್ಟರಲ್ಲಿ ಕಾರು ಹೊರಟು ಮುಂದಿನ ಮೂಲೆ ತಲುಪಿತ್ತು.